ಕೆಂಪಾದ ಮುಖಕ್ಕೆ ಮೆದು ಕೈ

ನಮ್ಮ ಮಾತಿನಲ್ಲಿ ಮುಖ ಕೆಂಪಾಗುವುದಕ್ಕೆ ಸಾಮಾನ್ಯವಾಗಿ ಎರಡು ಅರ್ಥ. ಒಂದು ನಾಚಿಕೆ, ಇನ್ನೊಂದು ಕೋಪ. ಮದುಮಗಳ ಕೆನ್ನೆ ಕೆಂಪಾದರೆ ನಾಚಿಕೊಂಡಳು ಎನ್ನುತ್ತೇವೆ. ಮೇಷ್ಟ್ರ ಮುಖ ಕೆಂಪಾದರೆ ಕೆಂಡಾಮಂಡಲವಾದರು ಎನ್ನುತ್ತೇವೆ. ಮೂರನೆಯ ಅರ್ಥವೂ ಒಂದಿದೆ. ಅದನ್ನು ಯಾರೂ ಎದುರಿಗೆ ಹೇಳುವುದಿಲ್ಲ, ಬೆನ್ನ ಹಿಂದೆ ಹೇಳುತ್ತಾರೆ: ‘ಸಂಜೆ ಹೊತ್ತು ಸ್ವಲ್ಪ ತಗೋತಾರೆ ಅಂತ ಕಾಣುತ್ತೆ.’

ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ಚಿತ್ರದುರ್ಗದ ಬಿಸಿಲಿನಲ್ಲಿ ಸೈಕಲ್ ತುಳಿದು ಶಾಲೆಗೆ ಹೋಗಿ ಬಂದವನು. ಮದ್ಯ ಮುಟ್ಟಿದವನಲ್ಲ. ಕೋಪವೂ ಬೇರೆಯವರಿಗಿಂತ ಹೆಚ್ಚೇನಲ್ಲ. ಆದರೂ ಐವತ್ತು ದಾಟಿದ ಮೇಲೆ ನನ್ನ ಕೆನ್ನೆ, ಮೂಗು ಆಗಾಗ ಬಿಸಿಯೇರಿ ಕೆಂಪಾಗತೊಡಗಿದವು. ಒಮ್ಮೆ ಊಟಕ್ಕೆ ಕೂತಾಗ ಮೂರನೇ ತರಗತಿಯ ಮೊಮ್ಮಗ ಮೆಲ್ಲಗೆ ಕೇಳಿದ: ‘ತಾತ, ನನ್ನ ಮೇಲೆ ಯಾಕೆ ಸಿಟ್ಟು?’ ನನಗೆ ಸಿಟ್ಟೇ ಇರಲಿಲ್ಲ. ಬಿಸಿ ಬಿಸಿ ಸಾರು ಕುಡಿದಿದ್ದೆ, ಅಷ್ಟೆ. ನಾಲ್ಕು ದಿನದಿಂದ ಅವನು ನನ್ನ ಪಕ್ಕ ಕೂರಲು ಹೆದರುತ್ತಿದ್ದನಂತೆ. ಸೊಸೆ ಆಮೇಲೆ ಹೇಳಿದಳು.

ಆ ವಾರವೇ ಚರ್ಮದ ಡಾಕ್ಟರ ಬಳಿ ಹೋದೆ. ಅವರು ಒಂದು ಹೆಸರು ಹೇಳಿದರು: ರೊಸೇಸಿಯಾ. ‘ಸೌಮ್ಯವಾಗಿದೆ ಸರ್. ಮುಖಕ್ಕೆ ಏನೇನು ಹಚ್ಚಬೇಕು ಅನ್ನೋದಕ್ಕಿಂತ ಏನೇನು ಹಚ್ಚಬಾರದು ಅನ್ನೋದು ಮುಖ್ಯ’ ಎಂದರು. ಅಂದಿನಿಂದ ನಾನು ಓದಿ ತಿಳಿದದ್ದು, ಅವರಿಂದ ಕೇಳಿ ಕಲಿತದ್ದು, ಮನೆಯಲ್ಲಿ ಮಾಡಿ ನೋಡಿದ್ದು ಇಲ್ಲಿದೆ. ಅಜ್ಜ ಅಜ್ಜಿಯರು ಓದಲಿ. ಮಕ್ಕಳು ಅವರಿಗೆ ಓದಿ ಹೇಳಲಿ.

ಏನಿದು ರೊಸೇಸಿಯಾ?

ಮುಖದ ನಡುಭಾಗದ ಚರ್ಮ, ಅಂದರೆ ಕೆನ್ನೆ, ಮೂಗು, ಗಲ್ಲ, ಹಣೆ, ಬೇಗ ಕೆರಳುವ ಸ್ವಭಾವದ್ದಾಗುವುದೇ ರೊಸೇಸಿಯಾ. ಒಳಗಿನ ಸಣ್ಣ ರಕ್ತನಾಳಗಳು ಸಣ್ಣ ಕಾರಣಕ್ಕೂ ಅಗಲವಾಗುತ್ತವೆ, ರಕ್ತ ನುಗ್ಗುತ್ತದೆ, ಮುಖ ಉರಿಯುತ್ತದೆ. ಕೆಲವರಿಗೆ ಮೊಡವೆಯಂತಹ ಗುಳ್ಳೆಗಳೂ ಏಳುತ್ತವೆ. ಸಾಮಾನ್ಯವಾಗಿ ಮೂವತ್ತು ವರ್ಷ ದಾಟಿದವರಲ್ಲಿ ಶುರುವಾಗುತ್ತದೆ. ಸಂಪೂರ್ಣ ಹೋಗಿಬಿಡುವ ಕಾಯಿಲೆಯಲ್ಲ, ಆದರೆ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು.

ಮಕ್ಕಳೇ, ಮೂರು ಮಾತು ನೆನಪಿಡಿ. ಇದು ಅಂಟುರೋಗವಲ್ಲ. ತಾತನ ಕೆನ್ನೆಗೆ ಕೆನ್ನೆ ಒತ್ತಿದರೆ ನಿಮಗೆ ಬರುವುದಿಲ್ಲ. ಇದು ಕೊಳೆಯಿಂದ ಬರುವುದಲ್ಲ, ಉಜ್ಜಿ ತೊಳೆದರೆ ಹೋಗುವುದೂ ಇಲ್ಲ. ಇದು ಕುಡಿತದ ಗುರುತೂ ಅಲ್ಲ. ಮದ್ಯ ಸೇವಿಸಿದರೆ ಕೆಂಪು ಹೆಚ್ಚಾಗಬಹುದು ನಿಜ. ಆದರೆ ಒಂದು ಹನಿಯೂ ಮುಟ್ಟದವರಿಗೂ ಇದು ಬರುತ್ತದೆ.

ನಮ್ಮ ಗೋಧಿಬಣ್ಣದ, ಕಪ್ಪುಬಣ್ಣದ ಮೈಯಲ್ಲಿ ಇನ್ನೊಂದು ತೊಡಕಿದೆ. ಪುಸ್ತಕದ ಚಿತ್ರಗಳಲ್ಲಿ ಕಾಣುವ ಗುಲಾಬಿ ಕೆಂಪು ನಮ್ಮಲ್ಲಿ ಕಾಣದೆ ಹೋಗಬಹುದು. ಮುಖ ಕಂದಿದಂತೆ, ಕಪ್ಪಾದಂತೆ ಕಾಣುತ್ತದೆ. ಹೀಗಾಗಿ ಎಷ್ಟೋ ಸಲ ‘ಬಿಸಿಲಿಗೆ ಕಪ್ಪಾಗಿದ್ದೀರಿ’ ಎಂದೋ ‘ಈ ವಯಸ್ಸಿಗೂ ಮೊಡವೆಯೇ’ ಎಂದೋ ಮಾತು ಮುಗಿಯುತ್ತದೆ. ಬಣ್ಣ ನೋಡಿದರೆ ಸಾಲದು, ಕೇಳಬೇಕು: ಮುಖ ಉರಿಯುತ್ತದೆಯೇ? ಬಿಸಿಯೆನಿಸುತ್ತದೆಯೇ? ಎಂದೂ ಹಚ್ಚುತ್ತಿದ್ದ ಕ್ರೀಮು ಈಗ ಚುರುಗುಟ್ಟುತ್ತದೆಯೇ?

ಈ ಕಾಯಿಲೆ ಹೊಸದೇನಲ್ಲ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಇಟಲಿಯ ಚಿತ್ರಕಾರ ಡೊಮೆನಿಕೊ ಗಿರ್ಲಾಂಡಾಯೊ ಸುಮಾರು 1490ರಲ್ಲಿ ಬರೆದ ಒಂದು ಚಿತ್ರವಿದೆ. ಅದರಲ್ಲಿ ಒಬ್ಬ ಮುದುಕ, ಒಬ್ಬ ಪುಟ್ಟ ಹುಡುಗ. ಮುದುಕನ ಮೂಗು ದಪ್ಪಗಾಗಿ ಗಂಟು ಗಂಟಾಗಿದೆ. ಮೂಗಿನ ಚರ್ಮ ದಪ್ಪವಾಗುವ ಈ ಸ್ಥಿತಿಯನ್ನು ವೈದ್ಯರು ರೊಸೇಸಿಯಾದ ಮುಂದುವರಿದ ರೂಪವೆಂದು ಎಣಿಸುತ್ತಾರೆ. ಸೌಮ್ಯವಾಗಿರುವ ಎಲ್ಲರಿಗೂ ಹೀಗಾಗುವುದಿಲ್ಲ, ಹೆದರಬೇಡಿ. ನನಗೆ ಮುಖ್ಯವಾಗಿ ಕಂಡದ್ದು ಹುಡುಗನ ಕಣ್ಣು. ಅಜ್ಜನ ಎದೆಯ ಮೇಲೆ ಕೈಯಿಟ್ಟು, ತಲೆಯೆತ್ತಿ ಆ ಮುಖವನ್ನು ನೋಡುತ್ತಾನೆ. ಅಸಹ್ಯವಿಲ್ಲ, ಭಯವಿಲ್ಲ. ಐನೂರು ವರ್ಷದ ಹಿಂದಿನ ಒಬ್ಬ ಮೊಮ್ಮಗನಿಗೆ ಗೊತ್ತಿದ್ದ ವಿಷಯ ನಮ್ಮ ಮದುವೆ ಮನೆಗಳ ಹಿರಿಯರಿಗೂ ಗೊತ್ತಾದರೆ ಒಳ್ಳೆಯದು.

ಇಟ್ಟಿಗೆ ಗೋಡೆ ಮತ್ತು ಅರಿಶಿನದ ಕಾಗದ

ಚರ್ಮದ ತೀರಾ ಹೊರಪದರವನ್ನು ಒಂದು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಒಣಗಿದ ಜೀವಕೋಶಗಳೇ ಇಟ್ಟಿಗೆ. ಅವುಗಳ ನಡುವಿನ ಜಿಡ್ಡೇ ಗಾರೆ. ಗಾರೆ ಗಟ್ಟಿಯಾಗಿದ್ದರೆ ಒಳಗಿನ ನೀರು ಹೊರಗೆ ಹೋಗದು, ಹೊರಗಿನ ಕೆರಳಿಸುವ ವಸ್ತು ಒಳಗೆ ಬಾರದು. ರೊಸೇಸಿಯಾ ಇರುವವರ ಮುಖದಲ್ಲಿ ಈ ಗೋಡೆ ಮೊದಲೇ ಸ್ವಲ್ಪ ಸಡಿಲ. ಅದನ್ನು ಇನ್ನಷ್ಟು ಕೆರೆಯದೆ ಕಾಪಾಡುವುದೇ ನಮ್ಮ ಕೆಲಸ.

ಆರೋಗ್ಯವಾದ ಚರ್ಮದ ಮೇಲ್ಮೈ ತುಸು ಆಮ್ಲೀಯ. ಅದರ ಪಿಎಚ್ ಸುಮಾರು 5. ನಾವು ಮೈ ತೊಳೆಯುವ ಮಾಮೂಲಿ ಸೋಪಿನ ಬಿಲ್ಲೆಯ ಪಿಎಚ್ 9ರಿಂದ 10ರವರೆಗೆ ಇರುತ್ತದೆ, ಅಂದರೆ ಪ್ರತ್ಯಾಮ್ಲ. ಅದು ಕೊಳೆಯ ಜೊತೆ ಗಾರೆಯನ್ನೂ ಕರಗಿಸುತ್ತದೆ. ಮುಖ ಬಿಗಿದಂತೆ ಅನಿಸುವುದು ಅದಕ್ಕೇ.

ಮಕ್ಕಳೇ, ಇದನ್ನು ನೀವೇ ಪರೀಕ್ಷಿಸಬಹುದು. ಅರಿಶಿನದ ಪುಡಿಯನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ. ಮನೆಯ ಸೋಪಿನ ನೊರೆಯನ್ನು ಒಂದು ಪಟ್ಟಿಗೆ ಮುಟ್ಟಿಸಿ, ಕಾಗದ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಆರತಿ ತಟ್ಟೆ ಕೆಂಪಾಗುವುದೂ ಇದೇ ಕಾರಣಕ್ಕೆ. ಈಗ ಚರ್ಮದ ಡಾಕ್ಟರು ಬರೆದುಕೊಟ್ಟ, ಸೋಪಿಲ್ಲದ ಮೃದು ಕ್ಲೆನ್ಸರನ್ನು ಇನ್ನೊಂದು ಪಟ್ಟಿಗೆ ಮುಟ್ಟಿಸಿ. ಅದರ ಪಿಎಚ್ ಚರ್ಮಕ್ಕೆ ಹತ್ತಿರವಾಗಿದ್ದರೆ ಪಟ್ಟಿ ಹಳದಿಯಾಗಿಯೇ ಉಳಿಯುತ್ತದೆ. ಆದರೆ ನಿಂಬೆರಸ ಬಿಟ್ಟರೂ ಹಳದಿಯೇ ಇರುತ್ತದೆ! ಅರಿಶಿನದ ಕಾಗದ ಪ್ರತ್ಯಾಮ್ಲವನ್ನು ಮಾತ್ರ ಹಿಡಿಯುತ್ತದೆ, ಹುಳಿಯನ್ನು ಹಿಡಿಯುವುದಿಲ್ಲ. ನಿಂಬೆರಸದ ಪಿಎಚ್ ಸುಮಾರು 2. ಆದ್ದರಿಂದ ಹಳದಿ ಉಳಿದದ್ದೆಲ್ಲ ಮುಖಕ್ಕೆ ಹಿತವೆಂದು ತಿಳಿಯಬಾರದು.

ಮೂರೇ ಕೆಲಸ

ಸೌಮ್ಯ ರೊಸೇಸಿಯಾ ಇರುವವರ ದಿನಚರಿ ಮೂರು ಕೆಲಸದಲ್ಲಿ ಮುಗಿಯುತ್ತದೆ.

ಮೊದಲನೆಯದು ತೊಳೆಯುವುದು. ಉಗುರುಬೆಚ್ಚಗಿನ ನೀರು, ಸುವಾಸನೆಯಿಲ್ಲದ ಮೃದು ಕ್ಲೆನ್ಸರ್, ಬೆರಳ ತುದಿ. ಇಷ್ಟು ಸಾಕು. ನಾರು, ಬ್ರಷ್ಷು, ಒರಟು ಟವೆಲು ಬೇಡ. ಮುಖ ಒರೆಸಲು ನಮ್ಮ ಹಳೆಯ ಪಾಣಿಪಂಚೆಯಂತಹ ತೆಳುಬಟ್ಟೆ ಬಹಳ ಒಳ್ಳೆಯದು. ಅದನ್ನೂ ಉಜ್ಜಬಾರದು, ಮೆತ್ತಗೆ ಒತ್ತಿ ನೀರು ಹೀರಿಸಬೇಕು. ಹಬ್ಬದ ಎಣ್ಣೆಸ್ನಾನದ ದಿನ ಹಂಡೆಯ ಕುದಿನೀರನ್ನು ತಲೆಯ ಮೇಲಿಂದ ಹೊಯ್ಯಿಸಿಕೊಳ್ಳುವ ಅಭ್ಯಾಸ ಉಳ್ಳವರು ನೀರಿನ ಬಿಸಿ ತಗ್ಗಿಸಿಕೊಳ್ಳಿ.

ಎರಡನೆಯದು ಪಸೆ ಉಳಿಸುವುದು. ಮುಖ ಇನ್ನೂ ತುಸು ಒದ್ದೆ ಇರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಸಡಿಲವಾದ ಗಾರೆಗೆ ಇದು ತೇಪೆ ಇದ್ದ ಹಾಗೆ. ಹೊಸ ಕ್ರೀಮು ತಂದಾಗ ಮೊದಲು ಮುಖಕ್ಕೆಲ್ಲ ಬಳಿಯಬೇಡಿ. ದವಡೆಯ ಪಕ್ಕದ ಸಣ್ಣ ಜಾಗಕ್ಕೆ ಕೆಲವು ದಿನ ಹಚ್ಚಿ ನೋಡಿ. ಉರಿ, ತುರಿಕೆ ಇಲ್ಲದಿದ್ದರೆ ಮುಂದುವರಿಸಿ. ಒಂದೇ ವಾರದಲ್ಲಿ ಎರಡು ಹೊಸ ವಸ್ತು ಶುರುಮಾಡಬೇಡಿ. ಕೆರಳಿದರೆ ಯಾವುದರಿಂದ ಎಂದು ತಿಳಿಯುವುದಿಲ್ಲ.

ಮೂರನೆಯದು ಬಿಸಿಲಿನಿಂದ ಕಾಪಾಡುವುದು. ರೊಸೇಸಿಯಾವನ್ನು ಕೆರಳಿಸುವ ಕಾರಣಗಳಲ್ಲಿ ಬಿಸಿಲು ಬಹು ಮುಖ್ಯವಾದದ್ದು. ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಬೇಕು. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಬಗೆ ಸೂಕ್ಷ್ಮ ಚರ್ಮಕ್ಕೆ ಸಾಮಾನ್ಯವಾಗಿ ಹೊಂದುತ್ತದೆ. ಹಚ್ಚಿದಾಗ ಮುಖ ಬೂದಿ ಬಳಿದಂತೆ ಕಂಡರೆ, ಮೈಬಣ್ಣಕ್ಕೆ ಹೊಂದುವ ಬಣ್ಣ ಬೆರೆತದ್ದೂ ಸಿಗುತ್ತದೆ. ಹೊರಗೆ ಇರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇದರ ಜೊತೆಗೆ ನನ್ನ ನೆಚ್ಚಿನ ಸಾಧನ ಕರಿ ಛತ್ರಿ. ಮಳೆಗಾಲಕ್ಕಿಂತ ಬೇಸಿಗೆಯಲ್ಲೇ ಅದು ನನಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಗಂಡಸರಿಗೆ ಒಂದು ಮಾತು. ಕ್ಷೌರದ ಮುಂಚೆ ಉಗುರುಬೆಚ್ಚಗಿನ ನೀರಿನಿಂದ ಗಡ್ಡ ನೆನೆಸಿ, ಕೂದಲು ಹೋದ ದಿಕ್ಕಿನಲ್ಲೇ ಬ್ಲೇಡು ಆಡಿಸಿ. ಕ್ಷೌರದಂಗಡಿಯಲ್ಲಾದರೆ ಪಟಿಕ ತಿಕ್ಕುವುದು, ಚುರುಗುಟ್ಟುವ ಲೋಷನ್ ಸುರಿಯುವುದು, ಕೆನ್ನೆ ತಟ್ಟಿ ಮಸಾಜು ಮಾಡುವುದು ಬೇಡವೆಂದು ಮೊದಲೇ ಹೇಳಿಬಿಡಿ. ನಾನು ಹೇಳುತ್ತೇನೆ. ಅವರು ನಗುತ್ತಾರೆ, ಆದರೆ ಕೇಳುತ್ತಾರೆ.

ಅಡುಗೆಮನೆಯದೆಲ್ಲ ಮುಖಕ್ಕಲ್ಲ

ಅಜ್ಜಿಯರು ಬೇಸರಿಸಬಾರದು. ಮನೆಮದ್ದಿನ ಮೇಲೆ ನನಗೂ ಗೌರವವಿದೆ. ಆದರೆ ಮನೆಯದು ಎಂದ ಮಾತ್ರಕ್ಕೆ ಮೃದುವಾಗಿರಬೇಕೆಂದೇನಿಲ್ಲ. ನಿಂಬೆರಸದ ಹುಳಿ ಎಷ್ಟೆಂದು ಆಗಲೇ ನೋಡಿದೆವು. ಕಡಲೆಹಿಟ್ಟು ಪಾಯಸದಂತೆ ನುಣ್ಣಗಿದ್ದರೂ ಒಣಗಿದ ಮೇಲೆ ತಿಕ್ಕಿ ತೆಗೆಯುವಾಗ ಮುಖ ಕೆರೆದಂತೆಯೇ. ಸಕ್ಕರೆ, ಉಪ್ಪು, ಅಕ್ಕಿತರಿ ಹಾಕಿ ಉಜ್ಜುವುದು ಇನ್ನೂ ಒರಟು. ಶೀತವಾದಾಗ ಹಂಡೆಯ ಆವಿಗೆ ಮುಖವೊಡ್ಡುವುದು, ಕರ್ಪೂರ, ನೀಲಗಿರಿ ಎಣ್ಣೆ, ಮೆಂಥಾಲ್ ಇರುವ ಮುಲಾಮನ್ನು ಮೂಗಿನ ಸುತ್ತ ಬಳಿಯುವುದು ಇವೂ ಕೆರಳಿಸಬಹುದು. ಮೊದಲಿಗೆ ತಣ್ಣಗೆನಿಸಿದರೂ ಆಮೇಲೆ ಉರಿ ಬರುತ್ತದೆ.

ಮುಖ ಉರಿಯುವಾಗ ಏನು ಮಾಡಬೇಕು? ತಣ್ಣೀರಿನಲ್ಲಿ ಅದ್ದಿ ಹಿಂಡಿದ ತೆಳುಬಟ್ಟೆಯನ್ನು ಕೆನ್ನೆಯ ಮೇಲೆ ಐದು ನಿಮಿಷ ಇಡಿ. ಫ್ಯಾನಿನ ಕೆಳಗೆ ಕೂತು ಒಂದು ಲೋಟ ಮಜ್ಜಿಗೆ ಕುಡಿಯಿರಿ. ಐಸ್‌ಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಇಡಬೇಡಿ. ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಕಿಟಕಿ ತೆರೆದಿಡಿ, ಒಗ್ಗರಣೆ ಹಾಕಿದ ಕ್ಷಣ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಮೆಣಸಿನಕಾಯಿಗೂ ಬಿಸಿಗೂ ಒಂದೇ ಬಾಗಿಲು

ಖಾರ ತಿಂದಾಗ ‘ಬಾಯಿ ಸುಟ್ಟಿತು’ ಎನ್ನುತ್ತೇವಲ್ಲ, ಅದು ಬರಿಯ ಮಾತಲ್ಲ. 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ನರಗಳ ತುದಿಯಲ್ಲಿರುವ ಒಂದು ಪುಟ್ಟ ಬಾಗಿಲನ್ನು ಕಂಡುಹಿಡಿದರು. ಅದರ ಹೆಸರು ಟಿಆರ್‌ಪಿವಿ1. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತು ತಾಗಿದರೂ ಅದು ತೆರೆಯುತ್ತದೆ, ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ತಾಗಿದರೂ ತೆರೆಯುತ್ತದೆ. ಮೆದುಳಿಗೆ ಎರಡೂ ‘ಸುಡುತ್ತಿದೆ’ ಎಂಬ ಒಂದೇ ಸುದ್ದಿ. ಈ ಸಂಶೋಧನೆಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಬಂತು. ಬಿಸಿ ಊಟ, ಖಾರದ ಊಟ ಎರಡರಿಂದಲೂ ಕೆಲವರ ಮುಖ ಕೆಂಪಾಗುವುದು ಏಕೆಂದು ಇದರಿಂದ ಊಹಿಸಬಹುದು.

ಹಾಗಾದರೆ ಕಾಫಿ ಬಿಡಬೇಕೇ? ನಾನು ಮೊದಲು ಕೇಳಿದ ಪ್ರಶ್ನೆಯೇ ಅದು. 1981ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರೊಸೇಸಿಯಾ ಇದ್ದವರಿಗೆ 60 ಡಿಗ್ರಿಯ ಬಿಸಿ ಕಾಫಿ, ಅಷ್ಟೇ ಬಿಸಿಯ ನೀರು, ಆರಿದ ಕಾಫಿ ಮತ್ತು ಬರೀ ಕೆಫೀನ್ ಕೊಟ್ಟು ನೋಡಿದರು. ಬಿಸಿ ಕಾಫಿಗೂ ಬಿಸಿ ನೀರಿಗೂ ಮುಖ ಒಂದೇ ರೀತಿ ಕೆಂಪಾಯಿತು. ಆರಿದ ಕಾಫಿಗೂ ಕೆಫೀನ್‌ಗೂ ಕೆಂಪಾಗಲಿಲ್ಲ. 2018ರಲ್ಲಿ ಅಮೆರಿಕದ 80 ಸಾವಿರಕ್ಕೂ ಹೆಚ್ಚು ನರ್ಸುಗಳ ಮಾಹಿತಿ ನೋಡಿದ ಅಧ್ಯಯನದಲ್ಲಿ ಕಾಫಿ ಹೆಚ್ಚು ಕುಡಿಯುವವರಲ್ಲಿ ರೊಸೇಸಿಯಾ ಕಡಿಮೆಯೇ ಕಂಡಿತು. ಅಂದರೆ ತಪ್ಪು ಕಾಫಿಯದಲ್ಲ, ಬಿಸಿಯದು. ಈಗ ನಾನು ಲೋಟದಿಂದ ಡಬರಿಗೆ, ಡಬರಿಯಿಂದ ಲೋಟಕ್ಕೆ ನಾಲ್ಕು ಸಲ ಎತ್ತಿ ಹೊಯ್ದು ಆರಿಸಿ ಕುಡಿಯುತ್ತೇನೆ. ಹಿಂದಿನವರು ಸುಮ್ಮನೆ ಡಬರಿ ಇಟ್ಟಿರಲಿಲ್ಲ.

ಎಲ್ಲರಿಗೂ ಎಲ್ಲವೂ ಆಗದೆಂದಲ್ಲ. ಒಬ್ಬರಿಗೆ ಖಾರ, ಒಬ್ಬರಿಗೆ ಬಿಸಿಲು, ಇನ್ನೊಬ್ಬರಿಗೆ ಮನಸ್ಸಿನ ಒತ್ತಡ. ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದಿಡಿ: ಯಾವಾಗ ಉರಿಯಿತು, ಅದಕ್ಕೆ ಮುಂಚೆ ಏನು ತಿಂದಿರಿ, ಎಲ್ಲಿದ್ದಿರಿ. ನಿಮ್ಮ ಕಾರಣ ನಿಮಗೇ ಸಿಗುತ್ತದೆ. ಆಗ ಇಷ್ಟವಾದ ಹತ್ತು ತಿಂಡಿ ಬಿಡುವ ಬದಲು ಒಂದನ್ನು ಕಡಿಮೆ ಮಾಡಿದರೆ ಸಾಕಾಗಬಹುದು.

ಕೇಳಿದ ಕೂಡಲೇ ಕೊಡುವ ಟ್ಯೂಬು

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಒಂದು ಔಷಧಿ ಅಂಗಡಿಯಲ್ಲಿ ‘ಕೆನ್ನೆ ಉರಿಯುತ್ತೆ’ ಎಂದಾಗ ನನ್ನ ಕೈಗೆ ಒಂದು ಸಣ್ಣ ಟ್ಯೂಬು ಬಂತು. ‘ಎರಡೇ ದಿನ ಹಚ್ಚಿ ಸರ್, ಮುಖ ಥಳಥಳ ಅನ್ನುತ್ತೆ.’ ಮನೆಗೆ ಬಂದು ಎಂಟನೇ ತರಗತಿಯ ಮೊಮ್ಮಗಳಿಗೆ ಕೊಟ್ಟು, ‘ಪುಟ್ಟಿ, ಈ ಸಣ್ಣ ಅಕ್ಷರ ಓದಮ್ಮ’ ಎಂದೆ. ಅವಳು ಅಕ್ಷರ ಕೂಡಿಸಿ ಓದಿದಳು: ‘ಮೊ-ಮೆ-ಟಾ-ಸೋನ್ ಅಂತಿದೆ ತಾತ. ಡಾಕ್ಟರ ಚೀಟಿ ಇದ್ರೆ ಮಾತ್ರ ಮಾರಬೇಕು ಅಂತಾನೂ ಬರೆದಿದೆ.’ ಟ್ಯೂಬು ಮುಚ್ಚಳ ತೆರೆಯದೆ ಡಾಕ್ಟರ ಮೇಜು ಸೇರಿತು.

ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಇವೆಲ್ಲ ಸ್ಟೀರಾಯ್ಡ್ ಮುಲಾಮುಗಳು. ಸರಿಯಾದ ಕಾಯಿಲೆಗೆ, ಡಾಕ್ಟರು ಹೇಳಿದಷ್ಟು ದಿನ ಹಚ್ಚಿದರೆ ಅವು ಒಳ್ಳೆಯ ಔಷಧಿಗಳೇ. ಆದರೆ ರೊಸೇಸಿಯಾ ಇರುವ ಮುಖಕ್ಕೆ ಹಚ್ಚಿದರೆ ಮೊದಲು ಕೆಂಪು ಮಾಯವಾದಂತೆ ಕಾಣುತ್ತದೆ. ಹಚ್ಚುತ್ತಾ ಹೋದಂತೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಬಿಟ್ಟ ಕೂಡಲೇ ಉರಿ ಹಿಂದಿಗಿಂತ ಜೋರಾಗಿ ಮರಳುತ್ತದೆ. ಆ ಉರಿ ತಾಳದೆ ಮತ್ತೆ ಅದನ್ನೇ ಹಚ್ಚುತ್ತಾರೆ. ರೊಸೇಸಿಯಾ ಇಲ್ಲದವರಿಗೂ ಹೀಗೆ ರೊಸೇಸಿಯಾದಂತಹ ಮುಖ ಬರುವುದುಂಟು. ಮುಖ ಬೆಳ್ಳಗೆ ಮಾಡುತ್ತೇವೆ ಎನ್ನುವ ಕೆಲವು ಮಿಶ್ರಣ ಕ್ರೀಮುಗಳಲ್ಲೂ ಸ್ಟೀರಾಯ್ಡ್ ಇರುತ್ತದೆ. ಇಂತಹ ಹಲವು ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನಲ್ಲ.

ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಟ್ಯೂಬು ಹಿಡಿದುಕೊಂಡೇ ಚರ್ಮದ ಡಾಕ್ಟರ ಬಳಿ ಹೋಗಿ. ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ. ರೊಸೇಸಿಯಾಕ್ಕೆಂದೇ ಮೆಟ್ರೋನಿಡಜೋಲ್, ಅಜೆಲಾಯಿಕ್ ಆಮ್ಲ, ಐವರ್‌ಮೆಕ್ಟಿನ್ ಮುಂತಾದ ಹಚ್ಚುವ ಔಷಧಿಗಳಿವೆ. ಯಾರಿಗೆ ಯಾವುದು ಎಂಬುದನ್ನು ಅವರೇ ನೋಡಿ ಬರೆಯಬೇಕು.

ಡಾಕ್ಟರಿಗೆ ತೋರಿಸಲೇಬೇಕಾದದ್ದು

ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಚುಚ್ಚಿದರೆ, ರೆಪ್ಪೆ ಪದೇ ಪದೇ ಊದಿದರೆ, ಬೆಳಕು ನೋಡಲಾಗದಿದ್ದರೆ ತಡಮಾಡಬೇಡಿ. ರೊಸೇಸಿಯಾ ಕಣ್ಣಿಗೂ ತಾಗಬಹುದು, ನಿರ್ಲಕ್ಷಿಸಿದರೆ ದೃಷ್ಟಿಗೂ ತೊಂದರೆ. ಎರಡೂ ಕೆನ್ನೆಯಲ್ಲಿ ಚಿಟ್ಟೆಯ ರೆಕ್ಕೆಯಂತೆ ಕೆಂಪಾಗಿ, ಜೊತೆಗೆ ಕೀಲುನೋವು, ಜ್ವರ, ತೀರಾ ಸುಸ್ತು ಇದ್ದರೆ ಅದು ಲೂಪಸ್ ಎಂಬ ಬೇರೆಯೇ ಕಾಯಿಲೆ ಇರಬಹುದು. ಮೂಗಿನ ಚರ್ಮ ದಪ್ಪವಾಗುತ್ತಿದ್ದರೂ ಬೇಗ ತೋರಿಸಿ.

ಮಕ್ಕಳಿಗೆ ಎರಡು ಕೆಲಸ

ಮನೆಯ ಹಿರಿಯರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಹೊಸ ಟ್ಯೂಬು ಮನೆಗೆ ಬಂದರೆ ಮೊದಲು ನೀವು ಓದಿ. ಸುವಾಸನೆ, ಆಲ್ಕೋಹಾಲ್, ಮೆಂಥಾಲ್, ಕರ್ಪೂರ, ಸ್ಟೀರಾಯ್ಡ್ ಇವು ಕಂಡರೆ ಜೋರಾಗಿ ಹೇಳಿ. ಕೊಂಡ ದಿನಾಂಕವನ್ನು ಪೆನ್ನಿನಲ್ಲಿ ಬರೆದಿಡಿ. ಇದು ಮೊದಲ ಕೆಲಸ.

ಎರಡನೆಯದು ಇನ್ನೂ ಸುಲಭ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರದೋ ಮುಖ ಕೆಂಪಾಗಿ ಕಂಡರೆ ಬೆರಳು ತೋರಿಸಬೇಡಿ, ಕಾರಣ ಊಹಿಸಬೇಡಿ. ನಿಮ್ಮ ಪಕ್ಕದವರು ಊಹಿಸಿದರೆ, ‘ಅದು ರೊಸೇಸಿಯಾ ಇರಬಹುದು’ ಎಂದು ಹೇಳಿ. ಆ ಮಾತೂ ಒಂದು ಬಗೆಯ ಮುಲಾಮೇ. ಅದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ.